ಕೀ ತಿರುಗಿಸಿದ ಮೇಲೆ ಸ್ವಲ್ಪ ನಿಲ್ಲಬೇಕು

ಆಯುಧಪೂಜೆಯ ದಿನ ಗಾಡಿಯ ಚಕ್ರದಡಿ ಇಟ್ಟ ನಿಂಬೆಹಣ್ಣು ಒಡೆಯದೆ ಉಳಿದರೆ ಏನರ್ಥ ಎಂದು ನಮ್ಮಲ್ಲಿ ಯಾರೂ ಹೇಳಿಕೊಟ್ಟಿಲ್ಲ. ಹೇಳುವ ಪ್ರಮೇಯವೇ ಬಂದಿರಲಿಲ್ಲ. ಪೂಜೆ ಆಗುತ್ತದೆ, ಗಾಡಿ ಒಂದು ಮಾರು ಮುಂದೆ ಹೋಗುತ್ತದೆ, ನಿಂಬೆಹಣ್ಣು ಪಚಕ್ಕೆಂದು ಒಡೆಯುತ್ತದೆ, ಎಲ್ಲರೂ ಪಂಚಕಜ್ಜಾಯ ಬಾಯಿಗೆ ಹಾಕಿಕೊಂಡು ಒಳಗೆ ಹೋಗುತ್ತಾರೆ. ಆ ವರ್ಷ ನಮ್ಮ ಅಂಗಳದಲ್ಲಿ ನಾಲ್ಕು ನಿಂಬೆಹಣ್ಣುಗಳೂ ಇಟ್ಟಲ್ಲೇ ಕೂತಿದ್ದವು. ನಾನು ಡ್ರೈವರ್ ಸೀಟಿನಲ್ಲಿ ಕೂತು ಸೆಲ್ಫ್ ಹೊಡೆಯುತ್ತಲೇ ಇದ್ದೆ. ಸೆಲ್ಫ್ ಚೆನ್ನಾಗಿ ತಿರುಗುತ್ತಿತ್ತು, ಇಂಜಿನ್ ಮಾತ್ರ ಹಿಡಿಯುತ್ತಿರಲಿಲ್ಲ.

ಗಾಡಿ ಎಂದರೆ ಒಂದು ಹಳೆಯ ಪೆಟ್ರೋಲ್ ವ್ಯಾನು. ಸಿದ್ಧಕಟ್ಟೆಯಿಂದ ಸ್ವಲ್ಪ ಒಳಗೆ ನಮ್ಮ ಮನೆ. ಹಿಂದಿನ ಚಾವಡಿಯಲ್ಲಿ ಒಲೆ ಹಾಕಿಕೊಂಡು ನಾನು ಬಾಳೆಕಾಯಿ ಚಿಪ್ಸ್ ಕರಿಯುತ್ತೇನೆ, ಹಲಸಿನ ಕಾಲದಲ್ಲಿ ಹಲಸಿನದ್ದು. ಇವರು ಅದನ್ನು ವ್ಯಾನಿನಲ್ಲಿ ತುಂಬಿಸಿಕೊಂಡು ಅಂಗಡಿ ಅಂಗಡಿಗೆ ಹಾಕಿ ಬರುತ್ತಿದ್ದರು. ಲೈನಿಗೆ ಹೋಗುವುದು ಎನ್ನುತ್ತಾರೆ ಅದಕ್ಕೆ. ಒಂದು ದಿನ ಬಂಟ್ವಾಳ, ಪಾಣೆಮಂಗಳೂರು. ಒಂದು ದಿನ ಬೆಳ್ತಂಗಡಿ. ಒಂದು ದಿನ ಮೂಡುಬಿದಿರೆ, ಪುತ್ತಿಗೆ. ಇವರು ಎಂದರೆ ನನ್ನ ಗಂಡ. ಹೆಸರು ಹಿಡಿದು ಕರೆದು ನನಗೆ ಅಭ್ಯಾಸವಿಲ್ಲ, ಬರೆಯುವಾಗಲೂ ಕೈ ಬರುವುದಿಲ್ಲ.

ಎಣ್ಣೆ ಬಾಣಲೆಯ ಮುಂದೆ ನಾನು, ಸ್ಟೇರಿಂಗಿನ ಮುಂದೆ ಇವರು. ಸಂಸಾರ ಹಾಗೆ ನಡೆದಿತ್ತು. ಅದು ಸರಿಯಾದ ಹಂಚಿಕೆಯೇ. ಬಿಸಿ ಎಣ್ಣೆಯ ಮುಂದೆ ನಿಧಾನಸ್ಥರು ನಿಂತರೆ ಚಿಪ್ಸ್ ಕರಿಯಾಗುತ್ತದೆ, ಕೋಪಿಷ್ಠರು ಸ್ಟೇರಿಂಗ್ ಹಿಡಿದರೆ ಊರಿನವರೆಲ್ಲ ಬದಿಗೆ ಹಾರಬೇಕಾಗುತ್ತದೆ. ನನ್ನ ಕೋಪ ಮೂಗಿನ ತುದಿಯಲ್ಲಿ. ಇವರೋ, ಕೇಳಿದ ಪ್ರಶ್ನೆಗೆ ಉತ್ತರ ಕೊಡುವಷ್ಟರಲ್ಲಿ ನಾನು ಒಂದು ಚಿಪ್ಪು ಬಾಳೆಕಾಯಿಯ ಸಿಪ್ಪೆ ತೆಗೆದು ಮುಗಿಸುತ್ತಿದ್ದೆ. ಗಾಡಿ ತೆಗೆಯುವಾಗಲೂ ಅದೇ ನಿಧಾನ. ಕೀಯನ್ನು ಅರ್ಧ ತಿರುಗಿಸಿ, ಎಡಗೈಯನ್ನು ಎದುರಿನ ಪುಟ್ಟ ದೇವರ ಪಟದ ಮುಂದೆ ಎತ್ತಿ ಹಿಡಿದು, ಒಂದು ಕ್ಷಣ ಸುಮ್ಮನೆ ಕೂರುವುದು. ಆಮೇಲೆ ಸೆಲ್ಫ್. ಪಕ್ಕದಲ್ಲಿ ಕೂತ ನಾನು ಮಾತಾಡುತ್ತಿದ್ದರೆ ಆ ಕೈ ನನ್ನ ಕಡೆಗೂ ಸ್ವಲ್ಪ ತಿರುಗುತ್ತಿತ್ತು, ಒಮ್ಮೆ ಬಾಯಿ ಮುಚ್ಚು ಎಂಬಂತೆ. ಪ್ರಾರ್ಥನೆ ಎಂದು ನಾನೂ ಬಾಯಿ ಮುಚ್ಚುತ್ತಿದ್ದೆ. ದಿನಕ್ಕೆ ಒಮ್ಮೆಯಾದರೂ ನನ್ನ ಬಾಯಿ ಮುಚ್ಚಿಸುವ ದೇವರು ಅದೊಂದೇ ಎಂದು ತಮಾಷೆ ಮಾಡುತ್ತಿದ್ದೆ.

ಆ ಪೂಜೆಗೆ ಎರಡು ಮಳೆಗಾಲದ ಹಿಂದೆ ಇವರಿಗೆ ಸ್ಟ್ರೋಕ್ ಆಗಿತ್ತು. ಬೆಳಿಗ್ಗೆ ಹಲ್ಲುಜ್ಜುತ್ತಿದ್ದವರ ಕೈಯಿಂದ ಬ್ರಶ್ ಬಿತ್ತು, ಆಮೇಲೆ ಇವರೇ ಬಿದ್ದರು. ಆಸ್ಪತ್ರೆಯಿಂದ ಬರುವಾಗ ಬಲಗೈ ಬಲಗಾಲು ಹೆಸರಿಗೆ ಮಾತ್ರ ಇದ್ದವು. ಕೆಲವು ತಿಂಗಳು ಕಳೆದ ಮೇಲೆ ಕಾಲು ಸ್ವಲ್ಪ ಹೇಳಿದ ಹಾಗೆ ಕೇಳಿತು, ಕೋಲು ಹಿಡಿದು ಅಂಗಳಕ್ಕೆ ಇಳಿಯುವಷ್ಟು. ಮಾತು ಹೋಗಿತ್ತು. ಪೂರ್ತಿ ಹೋಗಿದ್ದರೆ ಒಂದು ಲೆಕ್ಕ. ಒಂದೇ ಒಂದು ಪದ ಉಳಿದಿತ್ತು. ಮನೆಯಲ್ಲಿ ನಾವು ಆಡುವುದು ತುಳು. ಉಳಿದದ್ದೂ ತುಳುವಿನ ಪದವೇ. "ಆಂಡ್." ಆಯಿತು ಎಂದು ಅರ್ಥ.

ಊಟ ಬೇಕಾ ಎಂದರೆ "ಆಂಡ್." ಬೇಡವಾ ಎಂದರೂ "ಆಂಡ್." ಕಾಲು ನೋಯುತ್ತದಾ, "ಆಂಡ್." ನಾನು ಯಾರು, "ಆಂಡ್." ಮಗಳು ಬೆಳ್ತಂಗಡಿಯ ಗಂಡನ ಮನೆಯಿಂದ ಫೋನ್ ಮಾಡಿ "ಅಪ್ಪ, ನಾನು" ಎಂದರೆ ಕಣ್ಣಲ್ಲಿ ನೀರು ಬರುತ್ತದೆ, ಬಾಯಲ್ಲಿ ಬರುವುದು "ಆಂಡ್". ಡಾಕ್ಟರರನ್ನು ನಾನು ನೇರವಾಗಿ ಕೇಳಿದ್ದೆ, "ಇವರಿಗೆ ನಾವು ಹೇಳಿದ್ದು ಗೊತ್ತಾಗ್ತದಾ ಇಲ್ವಾ, ಅದನ್ನು ಹೇಳಿ." ಅವರು, "ಎಷ್ಟು ಅರ್ಥ ಆಗ್ತದೆ ಅಂತ ಈಗ ಹೇಳ್ಲಿಕ್ಕೆ ಆಗುದಿಲ್ಲಮ್ಮ. ಮಾತಾಡಿಸ್ತಾ ಇರಿ" ಎಂದರು. ಮಾತಾಡಿಸುವುದು ನನಗೆ ಕಷ್ಟವಲ್ಲ. ಉತ್ತರ ಬಾರದ ಕಡೆ ಮಾತಾಡುವುದು ಎಷ್ಟು ಕಷ್ಟ ಎಂದು ಮಾತ್ರ ಆಗಲೇ ಗೊತ್ತಾದದ್ದು.

ಹೊಟ್ಟೆ ಸುಮ್ಮನಿರುವುದಿಲ್ಲ, ಅಂಗಡಿಯವರೂ ಕಾಯುವುದಿಲ್ಲ. ಲೈಸೆನ್ಸ್ ನನ್ನ ಹತ್ತಿರ ಮೊದಲೇ ಇತ್ತು. ಇವರೇ ಒತ್ತಾಯ ಮಾಡಿ ಮೂಡುಬಿದಿರೆಯಲ್ಲಿ ಡ್ರೈವಿಂಗ್ ಕ್ಲಾಸಿಗೆ ಸೇರಿಸಿದ್ದರು. ಕಪಾಟಿನಲ್ಲಿ ಸೀರೆಗಳಡಿ ಮಲಗಿದ್ದ ಆ ಲೈಸೆನ್ಸನ್ನು ತೆಗೆದು ಲೈನಿಗೆ ಹೊರಟೆ. ಮೊದಲ ವಾರ ಪಾಣೆಮಂಗಳೂರು ಸೇತುವೆಯ ಮೇಲೆ ಎದುರಿನಿಂದ ಬಸ್ಸು ಬಂದರೆ ಕಣ್ಣು ಮುಚ್ಚಬೇಕು ಅನಿಸುತ್ತಿತ್ತು. ಒಂದು ತಿಂಗಳು ಕಳೆಯುವಾಗ ಬಸ್ಸಿನವರೇ ಬದಿ ಕೊಡುವ ಹಾಗೆ ಆಯಿತು.

ನಾನು ಗಾಡಿ ತೆಗೆಯುವಾಗ ಇವರು ಜಗಲಿಯ ಕುರ್ಚಿಯಲ್ಲಿ ಕೂತಿರುತ್ತಿದ್ದರು. ನಾನು ಕೀ ಹಾಕುವುದೇ ತಡ, ಎಡಗೈ ಮೇಲೆ ಏಳುತ್ತಿತ್ತು. ಮೊದಮೊದಲು ಟಾಟಾ ಮಾಡುವುದು ಎಂದುಕೊಂಡು ನಾನೂ ಕೈ ಬೀಸುತ್ತಿದ್ದೆ. ಆದರೆ ಟಾಟಾ ಮಾಡುವವರ ಕೈ ಆಡುತ್ತದೆ. ಇವರದು ಆಡುವುದಿಲ್ಲ, ಅಂಗೈ ನನ್ನ ಕಡೆ ಮಾಡಿ ಹಾಗೇ ನಿಲ್ಲುತ್ತದೆ. ಬರಬರುತ್ತಾ ನನಗೆ ಅದು ಚುಚ್ಚತೊಡಗಿತು. ಹೋಗಬೇಡ ಎನ್ನುತ್ತಿದ್ದಾರೆ. ತಮ್ಮ ಗಾಡಿಯನ್ನು ನಾನು ಮುಟ್ಟುವುದು ಇವರಿಗೆ ಇಷ್ಟವಿಲ್ಲ. ನನಗೂ ಇದೇನು ಮೆರವಣಿಗೆಯಾ, ಸೊಂಟ ಮುರಿಯುವ ಕೆಲಸ ಎಂದು ಒಳಗೊಳಗೇ ಬೈದುಕೊಂಡು, ಒಂದೇ ಏಟಿಗೆ ಸೆಲ್ಫ್ ಹೊಡೆದು ಹೊರಟುಬಿಡುತ್ತಿದ್ದೆ. ಕನ್ನಡಿಯಲ್ಲಿ ಆ ಕೈ ಗೇಟಿನವರೆಗೂ ಕಾಣುತ್ತಿತ್ತು.

ನನಗೊಬ್ಬ ತಮ್ಮ ಇದ್ದಾನೆ. ಪಾಣೆಮಂಗಳೂರಿನಲ್ಲಿ ಅವನದೊಂದು ಸಣ್ಣ ಹೋಟೆಲು. ಒಳ್ಳೆಯವನು. ಆಸ್ಪತ್ರೆಯಲ್ಲಿ ರಾತ್ರಿ ಹಗಲು ಇದ್ದವನು ಅವನೇ. ಒಳ್ಳೆಯವರ ಜತೆ ಜಗಳ ಮಾಡುವುದು ಕಷ್ಟ, ಅವರು ಹೇಳುವುದೆಲ್ಲ ನಮ್ಮ ಹಿತಕ್ಕೇ ಇರುತ್ತದೆ. ಆ ನವರಾತ್ರಿಯ ಮೊದಲೇ ಅವನು ಶುರು ಮಾಡಿದ್ದ. "ಅಕ್ಕ, ನಿನಗೂ ಪ್ರಾಯ ಆಯ್ತು. ಈ ಲೈನು ಗೀನು ಬಿಡು. ಚಿಪ್ಸ್ ಎಷ್ಟು ಮಾಡ್ತಿಯೋ ಅಷ್ಟನ್ನು ನನ್ನ ಹೋಟೆಲಿಗೆ ಕೊಡು, ನಾನೇ ಬಂದು ತಕ್ಕೊಂಡು ಹೋಗ್ತೇನೆ. ವ್ಯಾನ್ ಕೊಟ್ಟುಬಿಡುವ. ಬೆಳ್ತಂಗಡಿಯಲ್ಲಿ ಒಬ್ರು ಕೇಳ್ತಿದ್ದಾರೆ."

ಅವನ ಮಾತಿನಲ್ಲಿ ತಪ್ಪು ಹುಡುಕಿದರೂ ಸಿಗುವುದಿಲ್ಲ. ನಾನು ಹೇಳಿದ್ದು ಒಂದೇ, "ಗಾಡಿ ನನ್ನದಲ್ಲ. ಭಾವನನ್ನು ಕೇಳು."

ಅವನು ಕೇಳಿದ. ಪಾಪ, ಮರ್ಯಾದೆಯಿಂದಲೇ ಕೇಳಿದ. ಕುರ್ಚಿಯ ಪಕ್ಕ ಕುಕ್ಕರಗಾಲಿನಲ್ಲಿ ಕೂತು, "ಭಾವ, ಗಾಡಿ ಕೊಡುವನಾ?" ಎಂದ.

"ಆಂಡ್" ಎಂದರು ಇವರು.

ತಮ್ಮ ಎದ್ದು ನಿಂತು ನನ್ನ ಮುಖ ನೋಡಿದ. "ನೋಡು, ಆಯ್ತು ಅಂತ ಹೇಳಿದ್ರಲ್ಲ."

"ನಿನ್ನನ್ನು ಕೆರೆಗೆ ದೂಡುದಾ ಅಂತ ಕೇಳು, ಅದಕ್ಕೂ ಆಂಡ್ ಅಂತಾರೆ" ಎಂದೆ ನಾನು.

ಅವನು ದನಿ ತಗ್ಗಿಸಿದ. ಆದರೆ ಇವರಿಗೆ ಕೇಳಿಸದಷ್ಟು ತಗ್ಗಿಸಲಿಲ್ಲ. ಇವರ ಎದುರು ದನಿ ತಗ್ಗಿಸುವುದನ್ನು ನಾವೆಲ್ಲ ಆಗಲೇ ಮರೆತಿದ್ದೆವು. "ಅಕ್ಕ, ಸತ್ಯ ಹೇಳ್ತೇನೆ, ಬೇಜಾರು ಮಾಡ್ಬೇಡ. ಭಾವನಿಗೆ ಈಗ ಎಂತದೂ ಗೊತ್ತಾಗುದಿಲ್ಲ. ಗಾಡಿ ಉಂಟಾ ಇಲ್ವಾ ಅಂತ ಸಹ ಗೊತ್ತಾಗ್ಲಿಕ್ಕಿಲ್ಲ."

ಆ ಮಾತು ನನ್ನಲ್ಲಿ ಕೂತುಬಿಟ್ಟಿತು. ಗಾಡಿ ಹೋದರೆ ಹೋಗಲಿ, ಕಬ್ಬಿಣ. ಆದರೆ ಇವರಿಗೆ ಏನೂ ಗೊತ್ತಾಗುವುದಿಲ್ಲ ಎಂಬುದನ್ನು ಒಪ್ಪಿಕೊಂಡು ಗಾಡಿ ಮಾರಿದರೆ, ಮಾರಿದ್ದು ಗಾಡಿ ಮಾತ್ರ ಆಗುವುದಿಲ್ಲವಲ್ಲ. ಅಂದಿನಿಂದ ನಾನು ಕುರ್ಚಿಯಲ್ಲಿ ಕೂತ ಒಂದು ದೇಹಕ್ಕೆ ಅನ್ನ ಕಲಸುವವಳು. ಹಾಗೆ ಯೋಚಿಸುವಾಗ ಭಯ ಆಗುತ್ತಿತ್ತು. ಆದರೂ ಅವನು ಬಿಡಲಿಲ್ಲ. ದಶಮಿ ಒಳ್ಳೆಯ ದಿನ, ಆ ದಿನ ಬೆಳ್ತಂಗಡಿಯವರು ಬಂದು ಗಾಡಿ ನೋಡಲಿ ಎಂದ. ನೋಡಿದ ಕೂಡಲೇ ಕೊಡಲೇಬೇಕು ಎಂದೇನೂ ಇಲ್ಲ ಎಂದು ನಾನೂ ಸುಮ್ಮನಾದೆ. ನಾನು ಸುಮ್ಮನಾಗುವುದು ಅಪರೂಪ. ಅವನು ಅದನ್ನು ಒಪ್ಪಿಗೆ ಎಂದೇ ತಿಳಿದ.

ಕೊನೆಯ ಪೂಜೆ ಇರಬಹುದು ಎಂದು ಆ ಸಲ ಗಾಡಿಯನ್ನು ತಿಕ್ಕಿದ್ದೇ ತಿಕ್ಕಿದ್ದು. ಹಿಂದಿನ ಸಂಜೆ ಬಾವಿಕಟ್ಟೆಯ ಹತ್ತಿರ ನಿಲ್ಲಿಸಿ ತೊಳೆದು ಅಂಗಳಕ್ಕೆ ತಂದಿದ್ದೆ. ಬೆಳಿಗ್ಗೆ ಒಳಗೆಲ್ಲ ಒದ್ದೆ ಬಟ್ಟೆಯಲ್ಲಿ ಒರೆಸಿದೆ. ಸೀಟೆತ್ತಿ ಇಂಜಿನಿನ ಮೇಲಿನ ಧೂಳು ತೆಗೆದೆ. ಡ್ಯಾಶ್‌ಬೋರ್ಡಿನ ಅಡಿಯ ಸಂದುಗೊಂದುಗಳಲ್ಲಿ ಚಿಪ್ಸಿನ ಪುಡಿ, ಜೇಡರ ಬಲೆ; ಬೆರಳಿಗೆ ಬಟ್ಟೆ ಸುತ್ತಿ ತುರುಕಿ ಎಳೆದೆ. ಕುಂಕುಮ, ಗಂಧ, ಸೇವಂತಿಗೆ ಮಾಲೆ. ಇವರಿಗೂ ಬಿಳಿ ಪಂಚೆ ಉಡಿಸಿ ಜಗಲಿಯಲ್ಲಿ ಕೂರಿಸಿದೆ. ತಮ್ಮ ಹೋಟೆಲಿನ ಪೂಜೆ ಬೇಗ ಮುಗಿಸಿ ಬಂದಿದ್ದ. ಆರತಿ ಅವನೇ ಎತ್ತಿದ, ತೆಂಗಿನಕಾಯಿ ಒಡೆದ, ನಿಂಬೆಹಣ್ಣು ಇಟ್ಟ. ನಾನು ಹತ್ತಿ ಕೂತು ಸೆಲ್ಫ್ ಹೊಡೆದೆ.

ಮೊದಲ ಸಲ ಹಿಡಿಯದಾಗ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಇನ್ನೊಮ್ಮೆ. ಮತ್ತೊಮ್ಮೆ. ಜಗಲಿಯಲ್ಲಿ ಇವರ ಎಡಗೈ ಮೇಲೆದ್ದಿತ್ತು.

"ನೋಡು, ಭಾವ ಆಶೀರ್ವಾದ ಮಾಡ್ತಿದ್ದಾರೆ" ಎಂದ ತಮ್ಮ. "ಈಗ ಹೊಡಿ, ಬರ್ತದೆ."

ಬರಲಿಲ್ಲ. ಆಶೀರ್ವಾದದ ಕೈ ಕೆಳಗಿಳಿಯಲೂ ಇಲ್ಲ. ತಮ್ಮ ಸೀಟೆತ್ತಿ ಇಣುಕಿ, "ಒಳಗೆ ನೀರು ಹೋಗಿದೆ ಅಕ್ಕ. ಯಾರು ನಿನಗೆ ಇಷ್ಟು ತೊಳಿಲಿಕ್ಕೆ ಹೇಳಿದ್ದು?" ಎಂದ. ಆಯುಧಪೂಜೆಗೆ ಗಾಡಿಗೆ ಅಭ್ಯಂಜನ ಮಾಡಿಸಿ ಮರುದಿನ ಗ್ಯಾರೇಜಿಗೆ ಎಳೆದುಕೊಂಡು ಹೋಗುವವರು ನಮ್ಮಲ್ಲಿ ವರ್ಷವೂ ಇರುತ್ತಾರೆ. ಆ ವರ್ಷ ಆ ಪಂಕ್ತಿಯಲ್ಲಿ ನಾನೂ ಕೂತೆ ಎಂದುಕೊಂಡೆ. ಒಣಬಟ್ಟೆಯಿಂದ ಒರೆಸಿದೆವು, ಬಿಸಿಲಿಗೆ ಬಾಗಿಲು ತೆರೆದಿಟ್ಟೆವು, ಪಂಚಕಜ್ಜಾಯ ತಿಂದು ಬಂದು ಮತ್ತೆ ಹೊಡೆದೆವು. ಕರ್ ಕರ್ ಕರ್ ಎಂದು ಸೆಲ್ಫ್ ಸುತ್ತಿತು, ಅಷ್ಟೇ. ನಾಳೆ ಜನ ಬಂದು ನೋಡುವ ಗಾಡಿ. ತಮ್ಮನಿಗೆ ಆ ಚಿಂತೆ. ನನ್ನ ಕಣ್ಣು ನಿಂಬೆಹಣ್ಣಿನ ಮೇಲೆಯೇ ಇತ್ತು. ಅಪಶಕುನವನ್ನೆಲ್ಲ ನಂಬುವವಳಲ್ಲ ನಾನು, ಆದರೂ ಅವುಗಳನ್ನು ಕಾಲಿನಿಂದ ತಳ್ಳಲು ಧೈರ್ಯ ಬರಲಿಲ್ಲ.

ಸಿದ್ಧಕಟ್ಟೆಯ ಮೆಕ್ಯಾನಿಕ್ಕಿಗೆ ಫೋನ್ ಮಾಡಿದೆ. ನನಗಿಂತ ಹತ್ತಾರು ವರ್ಷ ಚಿಕ್ಕವನು, ಎರಡು ಮೂರು ವರ್ಷಗಳಿಂದ ನಮ್ಮ ಗಾಡಿ ನೋಡುವವನು. ಬಂದ. ಬಂದದ್ದು ಹೇಗೆ? ಇಸ್ತ್ರಿ ಹಾಕಿದ ಬಿಳಿ ಅಂಗಿ, ಬಿಳಿ ಮುಂಡು, ಹಣೆಗೆ ಗಂಧ. ಕೈ ಖಾಲಿ.

"ನಿನ್ನ ಸಾಮಾನೆಲ್ಲಿ?" ಎಂದೆ.

"ಅಕ್ಕ, ಇವತ್ತು ಸ್ಪಾನರ್ ಮುಟ್ಟುವ ಹಾಗೆ ಇಲ್ಲ. ಎಲ್ಲ ಪೂಜೆಗೆ ಇಟ್ಟದ್ದು. ನಾಳೆ ಬೆಳಿಗ್ಗೆ ಪೂಜೆ ಆದ ಮೇಲೆಯೇ ತೆಗಿಯುದು. ನೀವು ಕರ್ದದ್ದಕ್ಕೆ ನೋಡಿ ಹೋಗುವ ಅಂತ ಬಂದೆ."

"ಒಂದು ಸ್ಕ್ರೂ ಡ್ರೈವರಾದರೂ?"

"ಅದಕ್ಕೂ ಕುಂಕುಮ ಹಚ್ಚಿ ಆಯ್ತು ಅಕ್ಕ."

ಬೈಯಬೇಕು ಎಂದು ಬಾಯಿ ತೆರೆದವಳು ನುಂಗಿಕೊಂಡೆ. ನನ್ನ ಬಾಣಲೆ, ಜಾಲರಿ ಸೌಟು, ಚಿಪ್ಸ್ ಹೆರೆಯುವ ಮಣೆ ಎಲ್ಲ ಒಳಗೆ ದೇವರ ಮುಂದೆ ಕೂತಿದ್ದವು. ಅಂದು ಯಾರಾದರೂ ಬಂದು ಒಂದು ಹಿಡಿ ಚಿಪ್ಸ್ ಕರಿದು ಕೊಡು ಎಂದರೆ ನಾನೂ ಆಗುವುದಿಲ್ಲ ಎನ್ನುತ್ತಿದ್ದೆ. ಆದರೂ ಹೇಳಿದೆ, "ಮೂಗು ಕಿವಿ ಪೂಜೆಗೆ ಇಟ್ಟಿಲ್ವಲ್ಲ ಮಾರಾಯ? ಅದರಲ್ಲಿ ಎಷ್ಟು ಆಗ್ತದೆ ಅಷ್ಟು ನೋಡು."

ಅವನು ನಕ್ಕು ಮುಂಡನ್ನು ಮೇಲೆ ಕಟ್ಟಿದ. "ಸೆಲ್ಫ್ ಹೊಡಿರಿ" ಎಂದ. ನಾನು ಹೊಡೆದೆ. ಅವನು ಹಿಂದೆ ಹೋಗಿ ಸೈಲೆನ್ಸರಿನ ಹತ್ತಿರ ಬಗ್ಗಿ ಮೂಸಿದ. ಮುಂದೆ ಬಂದು ಹೇಳಿದ, "ನೀರು ಹೋದದ್ದಲ್ಲ. ನೀರು ಹೋದ್ರೆ ನಡುವೆ ಒಂದೆರಡು ಸಲ ಕೆಮ್ಮಿಯಾದ್ರೂ ಕೆಮ್ತದೆ, ಇದು ಕೆಮ್ಮುದೂ ಇಲ್ಲ. ಇಷ್ಟು ಹೊಡೆದ ಮೇಲೆ ಹಿಂದೆ ಪೆಟ್ರೋಲಿನ ವಾಸನೆ ಬರ್ಬೇಕು. ಅದೂ ಇಲ್ಲ. ಪೆಟ್ರೋಲೇ ಬರುದಿಲ್ಲ ಅಕ್ಕ."

"ಅರ್ಧ ಟ್ಯಾಂಕ್ ಉಂಟು" ಎಂದೆ, ಮುಳ್ಳು ತೋರಿಸಿ.

"ಟ್ಯಾಂಕಿಯಲ್ಲಿ ಉಂಟು, ಇಂಜಿನಿಗೆ ಬರುದಿಲ್ಲ. ಟ್ಯಾಂಕಿಯ ಒಳಗೆ ಒಂದು ಪಂಪ್ ಉಂಟು. ನೀವು ಕೀಯನ್ನು ಅರ್ಧ ತಿರುಗಿಸಿದ ಕೂಡಲೇ ಅದು ಗುಂಯ್ ಅಂತ ಒಂದು ಗಳಿಗೆ ಓಡ್ತದೆ. ಆ ಸ್ವರ ಕೇಳಿ ನಿಂತ ಮೇಲೆ ಸೆಲ್ಫ್ ಹೊಡಿಬೇಕು. ನಿಮಗೆ ಯಾವತ್ತೂ ಕೇಳ್ಲಿಲ್ವಾ?"

ನನಗೆ ಯಾವತ್ತೂ ಕೇಳಿರಲಿಲ್ಲ. ಕೇಳಬೇಕಾದರೆ ನಾನು ನಿಲ್ಲಬೇಕಲ್ಲ.

"ಈಗ ಅರ್ಧ ಮಾತ್ರ ತಿರುಗಿಸಿ. ಸೆಲ್ಫ್ ಹೊಡಿಬೇಡಿ" ಎಂದು ಅವನು ಹಿಂದಿನ ಚಕ್ರದ ಹತ್ತಿರ ಕಿವಿಯಿಟ್ಟು ಕೂತ. ಅಷ್ಟರಲ್ಲಿ ತಮ್ಮ ಬೆಳ್ತಂಗಡಿಯವರ ಜತೆ ಫೋನಿನಲ್ಲಿ ನಾಳೆಯ ಬದಲು ಆಚೆ ನಾಡಿದ್ದು ಬನ್ನಿ ಎಂದು ಜೋರಾಗಿ ಶುರು ಮಾಡಿದ್ದ. ಮೆಕ್ಯಾನಿಕ್ ಕೂತಲ್ಲಿಂದಲೇ ಅವನ ಕಡೆಗೆ ಎಡಗೈ ಎತ್ತಿದ. ಅಂಗೈ ಮುಂದೆ ಮಾಡಿ, ಆಡಿಸದೆ. ಮಾತಾಡಬೇಡಿ, ಕೇಳುತ್ತಿದ್ದೇನೆ ಎಂದು.

ನಾನು ಕನ್ನಡಿಯಲ್ಲಿ ಆ ಕೈಯನ್ನು ನೋಡಿದೆ. ಆಮೇಲೆ ಕತ್ತು ತಿರುಗಿಸಿ ಜಗಲಿಯನ್ನು ನೋಡಿದೆ. ಅಲ್ಲಿಯೂ ಅದೇ ಕೈ ಎದ್ದಿತ್ತು.

ಅದು ಟಾಟಾ ಅಲ್ಲ, ಹೋಗಬೇಡ ಎಂಬುದಲ್ಲ, ಆಶೀರ್ವಾದವಂತೂ ಅಲ್ಲವೇ ಅಲ್ಲ. ದೇವರ ಪಟದ ಮುಂದಿನ ಪ್ರಾರ್ಥನೆಯೂ ಆಗಿರಲಿಲ್ಲ ಅದು. ಇಷ್ಟು ವರ್ಷ ಇವರು ಪಂಪಿನ ಸ್ವರ ಕೇಳುತ್ತಿದ್ದರು. ಈ ಒಂದೂವರೆ ವರ್ಷ, ನಾನು ಗಾಡಿ ಹತ್ತಿದಾಗಲೆಲ್ಲ, ಸ್ವಲ್ಪ ನಿಲ್ಲು ಮಾರಾಯ್ತಿ, ಕೇಳಿ ಆಮೇಲೆ ಹೊಡಿ ಎಂದು ಹೇಳುತ್ತಿದ್ದರು. ಬಾಯಿಯಿಂದ ಬಾರದ್ದು ಕೈಯಿಂದ ಬರುತ್ತಿತ್ತು. ನಾನು ಬೈದುಕೊಂಡು ಗೇಟು ದಾಟುತ್ತಿದ್ದೆ.

"ಸ್ವರ ಇಲ್ಲ" ಎಂದ ಮೆಕ್ಯಾನಿಕ್. "ಪಂಪ್ ಹೋಗಿರ್ಬೇಕು. ಇಲ್ಲದಿದ್ರೆ ಅದಕ್ಕೆ ಕರೆಂಟ್ ಬರುದಿಲ್ಲ. ಟ್ಯಾಂಕಿ ಇಳಿಸಿ ನೋಡ್ಬೇಕು, ನಾಳೆಯೇ ಆಗ್ಬೇಕಷ್ಟೆ."

"ಸ್ವಲ್ಪ ತಡಿ" ಎಂದೆ. ಈ ಮಾತು ನನ್ನ ಬಾಯಿಂದ ಬಂದದ್ದು ಕೇಳಿ ತಮ್ಮ ಫೋನು ಇಳಿಸಿ ನೋಡಿದ. "ಇವರನ್ನು ಕೇಳುವ."

"ಯಾರನ್ನು?"

"ಗಾಡಿ ಯಾರದ್ದು?"

ನಾನು ಜಗಲಿಗೆ ಹೋಗಿ, ಕೋಲನ್ನು ಇವರ ಎಡಗೈಗೆ ಕೊಟ್ಟು, ಬಲಗಡೆಯಿಂದ ತಬ್ಬಿ ಹಿಡಿದು ಅಂಗಳಕ್ಕೆ ಇಳಿಸಿದೆ. ಅಂಗಳ ದಾಟಲು ಹೊತ್ತು ಬೇಕು. ತಮ್ಮ ಬಂದು ಬಾಗಿಲು ಹಿಡಿದ, ಮೆಕ್ಯಾನಿಕ್ "ಬನ್ನಿ ಅಣ್ಣ" ಎಂದು ಕಾಲನ್ನು ಎತ್ತಿ ಒಳಗಿಟ್ಟ. ಎಡಗಡೆಯ ಸೀಟಿನಲ್ಲಿ ಇವರು ಕೂತರು. ಬಿದ್ದ ದಿನದಿಂದ ಈ ಗಾಡಿಗೆ ಇವರನ್ನು ಹತ್ತಿಸಿರಲಿಲ್ಲ. ಆಸ್ಪತ್ರೆಗೆ, ವ್ಯಾಯಾಮಕ್ಕೆ ಎಂದು ಹೋಗುವುದೆಲ್ಲ ತಮ್ಮನ ಕಾರಿನಲ್ಲಿ. ಕೂತವರು ಮೊದಲು ದೇವರ ಪಟವನ್ನು ನೋಡಿದರು, ಆಮೇಲೆ ನನ್ನನ್ನು.

ನಾನು ಕೀಯನ್ನು ಅರ್ಧ ತಿರುಗಿಸಿ ಕೈ ಬಿಟ್ಟೆ. ಇವರ ಎಡಗೈ ಎದ್ದಿತು. ಎಲ್ಲರೂ ಕಿವಿಗೊಟ್ಟೆವು. ಎಲ್ಲೋ ಆಚೆ ಮನೆಯಲ್ಲಿ ಪಟಾಕಿ ಹೊಡೆಯುತ್ತಿದ್ದರು. ಗಾಡಿಯಿಂದ ಏನೂ ಕೇಳಲಿಲ್ಲ.

ಇವರು ಕೈ ಇಳಿಸಿದರು. ಮುಖದಲ್ಲಿ ಒಂದು ಬಗೆಯ ಅಸಹನೆ ಬಂತು. ಅದು ನನಗೆ ಬಹಳ ಪರಿಚಯದ್ದು. ನಾನು ಏನನ್ನಾದರೂ ಎಲ್ಲೋ ಇಟ್ಟು ಮರೆತಾಗ ಬರುತ್ತಿದ್ದದ್ದು. ಆ ಕೈ ಮುಂದಕ್ಕೆ ಹೋಗಿ ಡ್ಯಾಶ್‌ಬೋರ್ಡಿನ ಅಡಿಗೆ, ನಾನು ಬೆಳಿಗ್ಗೆ ಬೆರಳಿಗೆ ಬಟ್ಟೆ ಸುತ್ತಿ ಚಿಪ್ಸಿನ ಪುಡಿ ತೆಗೆದ ಸಂದಿಗೆ ಇಳಿಯಿತು. ತಡಕಾಡಲಿಲ್ಲ. ಟಿಕ್ ಎಂದಿತು.

ಹಿಂದಿನಿಂದ ಸಣ್ಣದಾಗಿ ಗುಂಯ್ ಎಂದು ಒಂದು ಸ್ವರ ಬಂತು, ನಿಂತಿತು.

ಮೆಕ್ಯಾನಿಕ್ ತಲೆ ಚಚ್ಚಿಕೊಂಡ. "ಅಯ್ಯೋ ದೇವರೆ, ಕಳ್ಳ ಸ್ವಿಚ್ಚು! ಅಣ್ಣ, ನನಗೆ ಸಹ ಹೇಳ್ಲಿಲ್ವಲ್ಲ ನೀವು!" ಪಂಪಿಗೆ ಹೋಗುವ ಕರೆಂಟನ್ನು ತಡೆಯುವ ಗುಟ್ಟಿನ ಸ್ವಿಚ್ಚಂತೆ ಅದು. ಕಳ್ಳ ಎಷ್ಟು ಸೆಲ್ಫ್ ಹೊಡೆದರೂ ಗಾಡಿ ಹೊರಡುವುದಿಲ್ಲ. ಹಿಂದೆ ಕೆಲವರು ಹಾಕಿಸಿಕೊಳ್ಳುತ್ತಿದ್ದರಂತೆ. ಇವರು ಯಾವಾಗ, ಎಲ್ಲಿ ಹಾಕಿಸಿದರೋ, ನನಗೂ ಹೇಳಿರಲಿಲ್ಲ. ಹೇಳಿದರೆ ಊರಿಗೆಲ್ಲ ಹೇಳಿ ಬರುತ್ತೇನೆ ಎಂಬ ಭಯ ಇದ್ದಿರಬೇಕು. ಅದು ನ್ಯಾಯವಾದ ಭಯವೇ. ಕೊನೆಗೆ ಗಾಡಿ ಶುದ್ಧ ಮಾಡಲು ಹೋಗಿ ಅದನ್ನು ಆಫ್ ಮಾಡಿಟ್ಟವಳು ನಾನು, ಆ ಸ್ವಿಚ್ಚಿಗೆ ಸಿಕ್ಕಿಬಿದ್ದ ಕಳ್ಳಿಯೂ ನಾನೇ.

ಸೆಲ್ಫ್ ಹೊಡೆದೆ. ಇಂಜಿನ್ ಒಂದೇ ಸಲಕ್ಕೆ ಹಿಡಿಯಿತು.

"ಆಂಡ್" ಎಂದರು ಇವರು.

ಗಾಡಿಯನ್ನು ಒಂದು ಮಾರು ಮುಂದೆ ಬಿಟ್ಟೆ. ನಾಲ್ಕು ಕಡೆಯೂ ಪಚಕ್ಕೆಂದಿತು. ಮೆಕ್ಯಾನಿಕ್ ಚಪ್ಪಾಳೆ ತಟ್ಟಿದ. ನನಗೆ ಆಗ ಅಳು ಬಂತು. ತಡೆಯಲು ನೋಡಿದೆ, ಆಗಲಿಲ್ಲ. ಸ್ಟೇರಿಂಗಿನ ಮೇಲೆ ತಲೆಯಿಟ್ಟು ಅತ್ತೆ. ಇವರ ಎಡಗೈ ಬಂದು ನನ್ನ ಬೆನ್ನ ಮೇಲೆ ಕೂತಿತು. ಗೊತ್ತಾಗುವುದಿಲ್ಲ ಎಂದು ಯಾರು ಯಾರಿಗೆ ಹೇಳಬೇಕು! ಎಲ್ಲ ಗೊತ್ತಿತ್ತು ಇವರಿಗೆ. ಗಾಡಿಯ ಹೊಟ್ಟೆಯೊಳಗೆ ಒಂದು ಸ್ವರ ಇಲ್ಲ ಎಂಬುದು ಜಗಲಿಯಲ್ಲಿ ಕೂತವರಿಗೆ ಗೊತ್ತಾಗಿತ್ತು. ಹಾಗಾದರೆ ನಾವು ಇವರ ಎದುರೇ ಕೂತು ಆಡಿದ್ದೆಲ್ಲವೂ ಗೊತ್ತಾಗಿರಬೇಕು. ಅದನ್ನು ನೆನೆದು ಇನ್ನೂ ಸ್ವಲ್ಪ ಅತ್ತೆ.

ತಮ್ಮ ಇವರ ಬಾಗಿಲಿನ ಹತ್ತಿರ ಬಂದು ನಿಂತಿದ್ದ. ಅವನ ಮುಖ ಸಣ್ಣದಾಗಿತ್ತು. ಆದರೂ ಅವನು ಮಾಡಬೇಕಾದ್ದನ್ನು ಮಾಡಿದ, ಅದಕ್ಕೇ ಅವನನ್ನು ಒಳ್ಳೆಯವನು ಎಂದದ್ದು. ಕಿಟಕಿಗೆ ಬಗ್ಗಿ, ಇವರ ಕಣ್ಣನ್ನೇ ನೋಡುತ್ತಾ ಮೊದಲು ಕೇಳಿದ್ದನ್ನೇ ಮತ್ತೆ ಕೇಳಿದ. "ಭಾವ, ಗಾಡಿ ಕೊಡುವನಾ?"

ಕೇಳಿ, ಈ ಸಲ ಅವನು ಸುಮ್ಮನೆ ನಿಂತ. ಇಂಜಿನ್ ಓಡುತ್ತಿತ್ತು.

"ಆಂಡ್" ಎಂದರು ಇವರು. ಬಾಯಿಗೆ ಇರುವುದು ಅದೊಂದೇ ಪದ, ಅದು ಬಂತು. ಆದರೆ ನನ್ನ ಬೆನ್ನ ಮೇಲಿದ್ದ ಕೈ ಎದ್ದು ಅವನ ಮುಖದ ಮುಂದೆ ನಿಂತಿತು. ಅಂಗೈ ಮುಂದೆ, ಬೆರಳುಗಳು ನೇರ. ಅವನು ನೋಡಿದ. ಕೈ ಇಳಿಯಲಿಲ್ಲ.

ತಮ್ಮ ಜೇಬಿನಿಂದ ಫೋನ್ ತೆಗೆದು, ಅಂಗಳದ ತುದಿಗೂ ಹೋಗದೆ, ಇವರ ಎದುರೇ ನಿಂತು ಬೆಳ್ತಂಗಡಿಯವರಿಗೆ ಹೇಳಿದ. "ಇಲ್ಲ ಮಾರಾಯ್ರೆ, ನೀವು ಬರುದು ಬೇಡ. ಗಾಡಿ ಈಗ ಕೊಡುದಿಲ್ಲ." ಆಚೆಯವರು ಏನೋ ಕೇಳಿದರು. "ಎಂತಕ್ಕೆ ಅಂದ್ರೆ, ಯಜಮಾನರನ್ನು ಕೇಳಿದೆ. ಅವರು ಒಪ್ಪುದಿಲ್ಲ."

ಇವರು ಕೈ ಇಳಿಸಿದರು.